ಇಪ್ಪತ್ತು ವರ್ಷಗಳ ವಚನ: ಶಿಕ್ಷಕ ಗೋಪಾಲಕೃಷ್ಣ ಗೋಖಲೆಯವರ ಜೀವನ

ಪ್ರತಿ ವರ್ಷ ಶಾಲೆಗಳು ಪುನಃ ತೆರೆಯುವ ಹೊತ್ತಿಗೆ ಶಿಕ್ಷಣ ಸಂಸ್ಥೆಗಳ ಹಿರಿಯರು ನಮ್ಮೆದುರು ತೋಡಿಕೊಳ್ಳುವ ಸಂಕಟ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ. ಕಟ್ಟಡ ಸಿದ್ಧವಾಗಿರುತ್ತದೆ, ಮಕ್ಕಳು ಬಂದಿರುತ್ತಾರೆ, ಪುಸ್ತಕಗಳೂ ಬಂದಿರುತ್ತವೆ. ಆದರೆ ಕಳೆದ ವರ್ಷ ಗಣಿತ ಹೇಳಿಕೊಟ್ಟ ಶಿಕ್ಷಕರು ಈ ವರ್ಷ ಇರುವುದಿಲ್ಲ. ಉತ್ಸಾಹದಿಂದ ಬಂದ ತರುಣರು ಎರಡು ಮೂರು ವರ್ಷಗಳಲ್ಲಿ ಬೇರೆ ಉದ್ಯೋಗಕ್ಕೆ ಹೊರಟುಹೋಗುತ್ತಾರೆ. ಕೇಳಿದರೆ ಕೆಲವರು ಸಂಬಳದ ಮಾತು ಹೇಳುತ್ತಾರೆ. ಇನ್ನು ಕೆಲವರು ಅದಕ್ಕಿಂತ ಆಳವಾದ ಮಾತೊಂದನ್ನು ಹೇಳುತ್ತಾರೆ: ಆ ಶಾಲೆ ತಮ್ಮದೆಂದು ಅವರಿಗೆ ಒಂದು ದಿನವೂ ಅನ್ನಿಸಲಿಲ್ಲ.

ಈ ಎರಡನೆಯ ಮಾತು ನಮ್ಮನ್ನು ಬಹುಕಾಲದಿಂದ ಕಾಡುತ್ತಿದೆ. ಅದನ್ನು ಕುರಿತು ಯೋಚಿಸುವಾಗಲೆಲ್ಲ ನಮಗೆ ನೆನಪಾಗುವವರು ಗೋಪಾಲಕೃಷ್ಣ ಗೋಖಲೆಯವರು. ದೇಶ ಅವರನ್ನು ರಾಷ್ಟ್ರನಾಯಕರೆಂದು, ಮಹಾತ್ಮ ಗಾಂಧೀಜಿಯವರು ತಮ್ಮ ರಾಜಕೀಯ ಗುರುವೆಂದು ಒಪ್ಪಿಕೊಂಡವರೆಂದು ಬಲ್ಲದು. ಆದರೆ ಅವರ ನಲವತ್ತೆಂಟು ವರ್ಷಗಳ ಅಲ್ಪಾಯುಷ್ಯದಲ್ಲಿ ಬಹುಭಾಗ ಕಳೆದದ್ದು ಪಾಠದ ಕೋಣೆಯಲ್ಲಿ. ಆ ಭಾಗವನ್ನು ಇಲ್ಲಿ ಸ್ಮರಿಸಬಯಸುತ್ತೇವೆ.

ಗೋಖಲೆಯವರು ಹುಟ್ಟಿದ್ದು 1866ರ ಮೇ 9ರಂದು, ಕೊಂಕಣದ ರತ್ನಾಗಿರಿ ಜಿಲ್ಲೆಯ ಕೋತಳೂಕ ಎಂಬ ಹಳ್ಳಿಯಲ್ಲಿ. ತಂದೆ ಕೃಷ್ಣರಾಯರು ಕೊಲ್ಹಾಪುರ ಸಂಸ್ಥಾನಕ್ಕೆ ಸೇರಿದ ಕಾಗಲಿನಲ್ಲಿ ಸಣ್ಣ ನೌಕರಿಯಲ್ಲಿದ್ದರು. ಕಾಗಲ್ ನಮ್ಮ ಬೆಳಗಾವಿ ಸೀಮೆಯ ನಿಪ್ಪಾಣಿಗೆ ಸಮೀಪದ ಊರು. 1879ರಲ್ಲಿ ತಂದೆ ತೀರಿಕೊಂಡಾಗ ಗೋಪಾಲನಿಗೆ ಹದಿಮೂರು ವರ್ಷ. ಅಣ್ಣ ಗೋವಿಂದನಿಗೂ ಇನ್ನೂ ಓದುವ ವಯಸ್ಸೇ. ಮನೆಯ ಭಾರ ಹೊರುವವರು ಬೇರೆ ಯಾರೂ ಇರಲಿಲ್ಲ. ಅಣ್ಣ ತನ್ನ ವಿದ್ಯಾಭ್ಯಾಸವನ್ನು ನಿಲ್ಲಿಸಿ ತಿಂಗಳಿಗೆ ಹದಿನೈದು ರೂಪಾಯಿಗಳ ಕೆಲಸಕ್ಕೆ ಸೇರಿದನು. ಅದರಲ್ಲಿ ಎಂಟು ರೂಪಾಯಿಗಳನ್ನು ಕೊಲ್ಹಾಪುರದಲ್ಲಿ ಓದುತ್ತಿದ್ದ ತಮ್ಮನಿಗೆ ಕಳುಹಿಸುತ್ತಿದ್ದನು. ಉಳಿದ ಏಳು ರೂಪಾಯಿಗಳಲ್ಲಿ ಸಂಸಾರ ಸಾಗಬೇಕಾಗಿತ್ತು. ತನ್ನ ಓದಿಗಾಗಿ ಇನ್ನೊಬ್ಬರ ಓದು ನಿಂತಿದೆ ಎಂಬ ಅರಿವಿನಲ್ಲಿ ಬೆಳೆದ ಹುಡುಗನಿಗೆ ವಿದ್ಯೆ ಎಂದರೆ ಋಣವೂ ಹೌದೆಂಬುದು ಯಾರೂ ಹೇಳದೆಯೇ ತಿಳಿದಿತ್ತು.

1881ರಲ್ಲಿ ಮೆಟ್ರಿಕ್ ಪರೀಕ್ಷೆಯಲ್ಲಿ ಉತ್ತೀರ್ಣರಾದ ಗೋಖಲೆಯವರು ಕೊಲ್ಹಾಪುರದ ರಾಜಾರಾಮ ಕಾಲೇಜು, ಪುಣೆಯ ಡೆಕ್ಕನ್ ಕಾಲೇಜು, ಮುಂಬಯಿಯ ಎಲ್ಫಿನ್‌ಸ್ಟನ್ ಕಾಲೇಜುಗಳಲ್ಲಿ ಓದಿ 1884ರಲ್ಲಿ ಹದಿನೆಂಟನೆಯ ವಯಸ್ಸಿಗೆ ಪದವೀಧರರಾದರು. ಅಂದಿನ ಮುಂಬಯಿ ಪ್ರಾಂತದಲ್ಲಿ ಪದವೀಧರರು ವಿರಳ. ಸರಕಾರಿ ಹುದ್ದೆ, ವಕೀಲಿ, ಇಂಜಿನಿಯರಿಂಗ್ ಎಲ್ಲಕ್ಕೂ ಬಾಗಿಲು ತೆರೆದಿತ್ತು. ಗೋಖಲೆಯವರು ಇಂಜಿನಿಯರಿಂಗ್ ತರಗತಿಗೆ ಸೇರಿ ಕೆಲವೇ ದಿನಗಳಲ್ಲಿ ಬಿಟ್ಟರು, ಕಾನೂನು ಓದತೊಡಗಿದರು. ಓದುತ್ತಿರುವಾಗ ಮನೆಗೆ ನೆರವಾಗಲೆಂದು 1885ರಲ್ಲಿ ಪುಣೆಯ ನ್ಯೂ ಇಂಗ್ಲಿಷ್ ಸ್ಕೂಲಿನಲ್ಲಿ ತಿಂಗಳಿಗೆ ಮೂವತ್ತೈದು ರೂಪಾಯಿಗಳ ಸಹಾಯಕ ಶಿಕ್ಷಕರಾದರು. ಇಂದಿನ ಅನೇಕ ತರುಣರ ಹಾಗೆಯೇ ಅವರೂ ಶಿಕ್ಷಕ ವೃತ್ತಿಗೆ ಬಂದದ್ದು ತಾತ್ಕಾಲಿಕವಾಗಿ, ಇನ್ನೊಂದು ದಾರಿ ಸಿಗುವವರೆಗಿನ ತಂಗುದಾಣವೆಂದು. ಆ ತಂಗುದಾಣ ಮನೆಯಾದ ಬಗೆಯಲ್ಲಿಯೇ ನಮಗೆ ಪಾಠವಿದೆ.

ಆ ಶಾಲೆ ಸಾಮಾನ್ಯ ಶಾಲೆಯಾಗಿರಲಿಲ್ಲ. ವಿಷ್ಣುಶಾಸ್ತ್ರಿ ಚಿಪಳೂಣಕರ, ಬಾಲಗಂಗಾಧರ ತಿಲಕ ಮೊದಲಾದ ತರುಣರು 1880ರಲ್ಲಿ ಅದನ್ನು ಆರಂಭಿಸಿದ್ದರು. ಬೇಗನೆ ಗೋಪಾಳ ಗಣೇಶ ಆಗರಕರ, ವಾಮನ ಶಿವರಾಮ ಆಪಟೆ ಮುಂತಾದವರು ಬಂದು ಕೂಡಿಕೊಂಡಿದ್ದರು. ಪರರ ಆಳ್ವಿಕೆಯಲ್ಲಿದ್ದ ದೇಶಕ್ಕೆ ತನ್ನವರೇ ನಡೆಸುವ, ಕಡಿಮೆ ಶುಲ್ಕದ ಶಿಕ್ಷಣ ದೊರೆಯಬೇಕೆಂಬುದು ಅವರ ಸಂಕಲ್ಪ. 1884ರಲ್ಲಿ ಅವರು ಡೆಕ್ಕನ್ ಎಜುಕೇಶನ್ ಸೊಸೈಟಿಯನ್ನು ಕಟ್ಟಿದರು. ಮರುವರ್ಷ ಫರ್ಗ್ಯುಸನ್ ಕಾಲೇಜು ಪ್ರಾರಂಭವಾಯಿತು.

ಆ ಸಂಸ್ಥೆಯ ಜೀವಾಳವಾಗಿದ್ದುದು ಆಜೀವ ಸದಸ್ಯತ್ವವೆಂಬ ವ್ಯವಸ್ಥೆ. ಆಜೀವ ಸದಸ್ಯನಾಗುವ ಶಿಕ್ಷಕನು ಇಪ್ಪತ್ತು ವರ್ಷ ಆ ಸಂಸ್ಥೆಯಲ್ಲಿಯೇ ದುಡಿಯುವೆನೆಂದು ವಚನ ಕೊಡಬೇಕು; ತಿಂಗಳಿಗೆ ಸುಮಾರು ಎಪ್ಪತ್ತೈದು ರೂಪಾಯಿಗಳಲ್ಲಿ ತೃಪ್ತನಾಗಬೇಕು. ಹಿರಿಯ ಪ್ರಾಧ್ಯಾಪಕನಿಗೂ ಹೊಸದಾಗಿ ಸೇರಿದವನಿಗೂ ಸಂಭಾವನೆಯಲ್ಲಿ ಸಮಾನತೆ ಇರಬೇಕೆಂಬುದು ಮೂಲ ಆಶಯ. ಇಷ್ಟನ್ನೇ ಕೇಳಿದರೆ ಇದು ಬರಿಯ ತ್ಯಾಗದ ಕರಾರು ಎಂದು ತೋರಬಹುದು. ಆದರೆ ಅದಕ್ಕೆ ಇನ್ನೊಂದು ಮುಖವಿತ್ತು. ಸಂಸ್ಥೆಯ ದಿನನಿತ್ಯದ ಆಡಳಿತ ಈ ಶಿಕ್ಷಕರ ಕೈಯಲ್ಲಿಯೇ ಇತ್ತು. ಯಾರು ಯಾವ ವಿಷಯ ಬೋಧಿಸಬೇಕು, ಹಣವನ್ನು ಹೇಗೆ ವಿನಿಯೋಗಿಸಬೇಕು, ಹೊಸಬರಲ್ಲಿ ಯಾರನ್ನು ಸೇರಿಸಿಕೊಳ್ಳಬೇಕು ಎಂಬುದನ್ನೆಲ್ಲ ಅವರೇ ಕುಳಿತು ತೀರ್ಮಾನಿಸುತ್ತಿದ್ದರು. ಸಂಸ್ಥೆ ಅವರಿಂದ ಇಪ್ಪತ್ತು ವರ್ಷಗಳನ್ನು ಕೇಳಿತು. ಪ್ರತಿಯಾಗಿ ತನ್ನನ್ನೇ ಅವರಿಗೆ ಒಪ್ಪಿಸಿತು.

ಆಗರಕರರ ಸಹವಾಸ ಗೋಖಲೆಯವರ ಮನಸ್ಸನ್ನು ತಿರುಗಿಸಿತು. ಕಡುಬಡತನದಲ್ಲಿ ಓದಿ ಎಂ.ಎ. ಪದವಿ ಪಡೆದಿದ್ದ ಆಗರಕರರು ಹೆಚ್ಚಿನ ಸಂಪಾದನೆಯ ಆಸೆಯನ್ನು ಬಿಟ್ಟು ಶಿಕ್ಷಕರಾಗಿ ನಿಂತಿದ್ದರು. ಅಂಥವರ ನಡುವೆ ದಿನ ಕಳೆದ ತರುಣನಿಗೆ ವಕೀಲಿಯ ಗಳಿಕೆ ಸಣ್ಣದಾಗಿ ಕಾಣತೊಡಗಿತು. ಆದರೆ ನಿರ್ಧಾರ ಸುಲಭವಾಗಿರಲಿಲ್ಲ. ತಮ್ಮ ದೊಡ್ಡ ಹುದ್ದೆಗೇರಿ ಮನೆಯನ್ನು ಎತ್ತಿ ಹಿಡಿಯುವನೆಂದು ಅಣ್ಣ ಇಷ್ಟು ವರ್ಷ ಕಾದಿದ್ದನು. ಗೋಖಲೆಯವರು ಅಣ್ಣನ ಸಮ್ಮತಿಯನ್ನು ಪಡೆದೇ 1886ರಲ್ಲಿ, ಇಪ್ಪತ್ತನೆಯ ವಯಸ್ಸಿನಲ್ಲಿ, ಆಜೀವ ಸದಸ್ಯರಾದರು. ಒಬ್ಬ ಶಿಕ್ಷಕ ವೃತ್ತಿಯಲ್ಲಿ ಉಳಿಯುತ್ತಾನೆಂದರೆ ಅವನ ಹಿಂದೆ ಅವನ ಮನೆಯವರೂ ಏನನ್ನೋ ಬಿಟ್ಟುಕೊಟ್ಟಿರುತ್ತಾರೆ. ಈ ಮಾತನ್ನು ನಾವು ಆಗಾಗ ಮರೆಯುತ್ತೇವೆ.

ಗೋಖಲೆಯವರು ಹುಟ್ಟು ಶಿಕ್ಷಕರೇನೂ ಆಗಿರಲಿಲ್ಲ. ದುಡಿದು ಶಿಕ್ಷಕರಾದವರು ಅವರು. ಇಂಗ್ಲಿಷ್ ಸಾಹಿತ್ಯವನ್ನು ಬೋಧಿಸಿದರು. ಅಗತ್ಯ ಬಿದ್ದಾಗ ಗಣಿತ ಹೇಳಿಕೊಟ್ಟರು. ಮುಂದೆ ಇತಿಹಾಸ ಮತ್ತು ಅರ್ಥಶಾಸ್ತ್ರವನ್ನು ಕೈಗೆತ್ತಿಕೊಂಡರು. ಯಾವ ವಿಷಯಕ್ಕೆ ಬೇಕೋ ಆ ವಿಷಯಕ್ಕೆ ಒದಗುವ ಪ್ರಾಧ್ಯಾಪಕರೆಂದು ಜೊತೆಯವರು ಅವರನ್ನು ವಿನೋದಕ್ಕೆ ಕರೆಯುತ್ತಿದ್ದರಂತೆ. ಆ ವಿನೋದದ ಹಿಂದೆ ರಾತ್ರಿಯೆಲ್ಲ ಕುಳಿತು ಮರುದಿನದ ಪಾಠಕ್ಕೆ ಸಿದ್ಧವಾಗುವ ಶ್ರಮವಿತ್ತು. ಗಣಿತ ಅವರ ಮುಖ್ಯ ವಿಷಯವಲ್ಲದಿದ್ದರೂ ಶಾಲಾ ಮಕ್ಕಳಿಗಾಗಿ ಅವರು ರಚಿಸಿದ ಅಂಕಗಣಿತದ ಪುಸ್ತಕ ದಶಕಗಳ ಕಾಲ ಶಾಲೆಗಳಲ್ಲಿ ಬಳಕೆಯಲ್ಲಿತ್ತು. ಇತರ ಭಾರತೀಯ ಭಾಷೆಗಳಿಗೂ ಹೋಯಿತು. ಅರ್ಥಶಾಸ್ತ್ರದ ಪಾಠಕ್ಕೆಂದು ಮಾಡಿದ ಅಧ್ಯಯನವೇ ಮುಂದೆ ವೈಸರಾಯರ ಶಾಸನ ಸಭೆಯಲ್ಲಿ ಆಯವ್ಯಯದ ಮೇಲೆ ಅವರಾಡಿದ ಭಾಷಣಗಳಿಗೆ ತಳಹದಿಯಾಯಿತು.

ರಜಾ ದಿನಗಳೂ ಅವರ ಪಾಲಿಗೆ ರಜೆಯಾಗಿರಲಿಲ್ಲ. ಕಾಲೇಜಿಗೆ ಸ್ವಂತ ಕಟ್ಟಡವಿಲ್ಲದಿದ್ದಾಗ ಸಂಸ್ಥೆಯ ಕಾರ್ಯದರ್ಶಿಯಾಗಿ ಅವರು ಊರೂರು ಅಲೆದು ದೇಣಿಗೆ ಕೂಡಿಸಿದರು. ಪುಣೆಯ ಚತುಃಶೃಂಗಿ ಗುಡ್ಡದ ಬದಿಯಲ್ಲಿ 1895ರಲ್ಲಿ ಕಾಲೇಜಿನ ಕಟ್ಟಡ ಎದ್ದು ನಿಂತಿತು. ಯಾವ ಕಲ್ಲಿಗೆ ತಾನು ಕೈಯೊಡ್ಡಿ ಬೇಡಿ ತಂದ ಹಣ ಸೇರಿದೆಯೋ ಆ ಕಲ್ಲಿನ ಮನೆಯನ್ನು ಬಿಟ್ಟುಹೋಗುವುದು ಮನುಷ್ಯನಿಗೆ ಕಷ್ಟ. ದಾಸೋಹದ ಜೋಳಿಗೆ ಹಿಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಷ್ಟನ್ನು ಹೇಳಿ ಮುಗಿಸಿದರೆ ನಾವು ಅರ್ಧ ಸತ್ಯವನ್ನು ಮಾತ್ರ ಹೇಳಿದಂತಾಗುತ್ತದೆ. ಆ ಸಂಸ್ಥೆಯೂ ಒಡಕನ್ನು ಕಂಡಿತು. ಸದಸ್ಯರ ಸಂಭಾವನೆ ಹೆಚ್ಚಿಸಬೇಕೇ ಬೇಡವೇ, ಹೊರಗಿನಿಂದ ಬರುವ ಆದಾಯವನ್ನು ಸದಸ್ಯರು ಇಟ್ಟುಕೊಳ್ಳಬಹುದೇ, ಹೊರಗಿನ ಸಾರ್ವಜನಿಕ ಕೆಲಸಗಳಿಗೆ ಸಮಯ ಕೊಡಬಹುದೇ ಎಂಬ ಪ್ರಶ್ನೆಗಳು ವರ್ಷಗಟ್ಟಲೆ ಕುದಿದವು. ತಿಲಕರು ಮೂಲ ವಚನವನ್ನು ಅಕ್ಷರಶಃ ಪಾಲಿಸಬೇಕೆಂಬ ಪಕ್ಷದವರು. ವಚನ ಕೊಟ್ಟವನ ಸಮಯವೆಲ್ಲ ಸಂಸ್ಥೆಯದೇ ಎಂಬುದು ಅವರ ನಿಲುವು. ಆಗರಕರರು ಸಂಸಾರವಂತರ ಕಷ್ಟವನ್ನು ನೋಡಬೇಕೆಂಬ ಪಕ್ಷದವರು. ಸಮಾಜ ಸುಧಾರಣೆಯ ವಿಷಯದಲ್ಲಿಯೂ ಇಬ್ಬರ ದಾರಿ ಬೇರೆಯಾಗಿತ್ತು. 1890ರಲ್ಲಿ ಗೋಖಲೆಯವರು ಸಾರ್ವಜನಿಕ ಸಭೆಯ ಕಾರ್ಯದರ್ಶಿಯಾದಾಗ ತಿಲಕರು ಆಕ್ಷೇಪಿಸಿದರು. ಆ ವರ್ಷವೇ ತಿಲಕರು ತಾವು ಕಟ್ಟಿದ ಸಂಸ್ಥೆಯನ್ನು ತಾವೇ ಬಿಟ್ಟು ಹೊರನಡೆದರು.

ಇದರಲ್ಲಿ ಯಾರನ್ನೂ ಸಣ್ಣವರೆಂದು ಎಣಿಸುವುದು ಸರಿಯಲ್ಲ. ತಿಲಕರ ನಿಷ್ಠುರತೆಯಲ್ಲಿ ಸಂಸ್ಥೆಯ ಮೇಲಿನ ಪ್ರೀತಿಯಿತ್ತು. ಆಗರಕರರ ಮೃದುತ್ವದಲ್ಲಿ ಸಹೋದ್ಯೋಗಿಗಳ ಮೇಲಿನ ಕರುಣೆಯಿತ್ತು. ನಾವು ಗಮನಿಸಬೇಕಾದದ್ದು ಬೇರೆ. ಸೇವಾಭಾವ ಎಷ್ಟೇ ದೊಡ್ಡದಿದ್ದರೂ ಸಂಬಳದ ಪ್ರಶ್ನೆಯನ್ನು ಮುಚ್ಚಿಡಲಾಗುವುದಿಲ್ಲ. ಅದನ್ನು ಬಿಚ್ಚುಮನಸ್ಸಿನಿಂದ, ಸಕಾಲದಲ್ಲಿ, ಎಲ್ಲರೂ ಕೂಡಿ ಬಗೆಹರಿಸದಿದ್ದರೆ ಅತ್ಯುತ್ತಮರೂ ಜೊತೆಯಾಗಿ ಉಳಿಯಲಾರರು. ಹಸಿದವನಿಗೆ ತ್ಯಾಗದ ಉಪದೇಶ ಮಾಡುವ ಅಧಿಕಾರ ಆಡಳಿತ ಮಂಡಳಿಗಳಿಗೆ ಇಲ್ಲ. ಪುಣೆಯ ಆ ಶಿಕ್ಷಕರು ತ್ಯಾಗವನ್ನು ತಾವೇ ತಮ್ಮ ಮೇಲೆ ವಿಧಿಸಿಕೊಂಡವರು; ಇನ್ನೊಬ್ಬರು ಹೇರಿದ ಬಡತನಕ್ಕೂ ಅದಕ್ಕೂ ಬಹಳ ಅಂತರವಿದೆ.

ತಿಲಕರ ನಿರ್ಗಮನದಿಂದ ಗಣಿತ ವಿಭಾಗ ಬಡವಾಯಿತು. ಆಗ ಗೋಖಲೆಯವರು ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ತಮ್ಮ ಜೊತೆಗೆ ಓದಿದ್ದ ಧೋಂಡೋ ಕೇಶವ ಕರ್ವೆಯವರನ್ನು ನೆನೆದು, ಮುಂಬಯಿಯಲ್ಲಿ ಪಾಠ ಹೇಳಿಕೊಂಡಿದ್ದ ಅವರನ್ನು ಪುಣೆಗೆ ಬರಮಾಡಿಕೊಂಡರು. 1891ರಲ್ಲಿ ಬಂದ ಕರ್ವೆಯವರು 1914ರವರೆಗೆ ಅಲ್ಲಿಯೇ ಬೋಧಿಸಿದರು. 1893ರಲ್ಲಿ ಅವರು ವಿಧವೆಯೊಬ್ಬರನ್ನು ವಿವಾಹವಾದಾಗ ಹುಟ್ಟೂರು ಬಹಿಷ್ಕಾರ ಹಾಕಿತು. ಆದರೆ ಕಾಲೇಜು ಅವರನ್ನು ಕೈಬಿಡಲಿಲ್ಲ. ಆ ಆಸರೆಯಲ್ಲಿ ನಿಂತುಕೊಂಡೇ ಕರ್ವೆಯವರು ವಿಧವೆಯರಿಗಾಗಿ ಆಶ್ರಮವನ್ನೂ ಮುಂದೆ 1916ರಲ್ಲಿ ಮಹಿಳಾ ವಿಶ್ವವಿದ್ಯಾಲಯವನ್ನೂ ಸ್ಥಾಪಿಸಿದರು. ಊರೇ ಹೊರಗಿಟ್ಟವನನ್ನು ಒಳಗೆ ಕೂರಿಸಿಕೊಳ್ಳುವ ಸಂಸ್ಥೆಯನ್ನು ಶಿಕ್ಷಕ ಬಿಟ್ಟುಹೋಗುವನೇ?

ಗೋಖಲೆಯವರಿಗೂ ಅಂಥ ದಿನ ಬಂದಿತು. 1897ರಲ್ಲಿ ವೆಲ್ಬಿ ಆಯೋಗದ ಮುಂದೆ ಸಾಕ್ಷ್ಯ ನುಡಿಯಲು ಅವರು ಇಂಗ್ಲೆಂಡಿಗೆ ಹೋಗಿದ್ದಾಗ, ಪುಣೆಯಲ್ಲಿ ಪ್ಲೇಗ್ ತಪಾಸಣೆಗೆ ನಿಯೋಜಿತರಾದ ಸೈನಿಕರ ದುರ್ವರ್ತನೆಯ ಸುದ್ದಿ ಪತ್ರಗಳ ಮೂಲಕ ತಲುಪಿತು. ಅದನ್ನು ನಂಬಿ ಅಲ್ಲಿ ಬಹಿರಂಗವಾಗಿ ಆರೋಪಿಸಿದರು. ಮರಳಿ ಬಂದಾಗ ಸುದ್ದಿ ಕೊಟ್ಟವರಾರೂ ಮುಂದೆ ಬಂದು ಸಾಕ್ಷಿ ಹೇಳಲು ಸಿದ್ಧರಿರಲಿಲ್ಲ. ರುಜುವಾತುಪಡಿಸಲಾಗದ ಮಾತನ್ನು ಹಿಂತೆಗೆದುಕೊಳ್ಳುವುದೇ ಧರ್ಮವೆಂದು ಬಗೆದು ಅವರು ಕ್ಷಮೆ ಕೋರಿದರು. ದೇಶದ ಪತ್ರಿಕೆಗಳೂ ಜನರೂ ಅವರನ್ನು ಹೇಡಿಯೆಂದು ಹಳಿದರು. ಸಾರ್ವಜನಿಕ ಜೀವನ ಮುಗಿಯಿತೆಂದು ತೋರಿದ ಆ ಕಾಲದಲ್ಲಿ ಅವರು ತರಗತಿಗೆ ಮರಳಿದರು. ಪಾಠ ಹೇಳುವ ಕಾಯಕ ಅವರನ್ನು ಕುಸಿಯದಂತೆ ಹಿಡಿದು ನಿಲ್ಲಿಸಿತೆಂದು ನಾವು ತಿಳಿಯುತ್ತೇವೆ.

ಜನ ಮತ್ತೆ ಅವರನ್ನು ಕರೆದರು. 1899ರಲ್ಲಿ ಮುಂಬಯಿ ಶಾಸನ ಸಭೆಗೂ ಬಳಿಕ ವೈಸರಾಯರ ಶಾಸನ ಸಭೆಗೂ ಆಯ್ಕೆಯಾದರು. ಎರಡು ಹೊಣೆಗಳನ್ನು ಒಟ್ಟಿಗೆ ಹೊರುವುದು ನ್ಯಾಯವಲ್ಲವೆಂದು ಬಗೆದು 1902ರಲ್ಲಿ ಫರ್ಗ್ಯುಸನ್ ಕಾಲೇಜಿಗೆ ವಿದಾಯ ಹೇಳಿದರು. ಶಾಂತವಾದ ದಡವನ್ನು ಬಿಟ್ಟು ಬಿರುಗಾಳಿಯ ಕಡಲಿಗಿಳಿಯುವವನಿಗೆ ತಮ್ಮನ್ನು ಹೋಲಿಸಿಕೊಂಡು, ಒಲ್ಲದ ಮನಸ್ಸಿನಿಂದ ವಿದ್ಯಾರ್ಥಿಗಳನ್ನು ಬೀಳ್ಕೊಂಡರು.

ಅವರು ಹೊರಟ ವರ್ಷವೇ ಕಾಲೇಜಿನ ಪ್ರಾಚಾರ್ಯರಾಗಿ ಬಂದವರು ರಘುನಾಥ ಪರಾಂಜಪೆಯವರು. ಅದೇ ಕಾಲೇಜಿನ ವಿದ್ಯಾರ್ಥಿಯಾಗಿದ್ದ ಅವರು ಕೇಂಬ್ರಿಜ್ ವಿಶ್ವವಿದ್ಯಾಲಯದಲ್ಲಿ 1899ರಲ್ಲಿ ಸೀನಿಯರ್ ರ್‍ಯಾಂಗ್ಲರ್ ಎನಿಸಿದ ಮೊದಲ ಭಾರತೀಯರು. ಎಂಥ ದೊಡ್ಡ ಹುದ್ದೆಯೂ ಅವರಿಗೆ ಎಟುಕುವಂತಿತ್ತು. ಅವರು ಹಿಂತಿರುಗಿ ಬಂದು ಅದೇ ಅಲ್ಪ ಸಂಭಾವನೆಗೆ ಆಜೀವ ಸದಸ್ಯರಾದರು. ಸುಮಾರು ಎರಡು ದಶಕಗಳ ಕಾಲ ಪ್ರಾಚಾರ್ಯರಾಗಿದ್ದರು. ಒಬ್ಬ ಗುರು ಉಳಿದುಕೊಂಡರೆ ಅವನನ್ನು ನೋಡಿ ಶಿಷ್ಯನೂ ಉಳಿಯುತ್ತಾನೆ ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಗೋಖಲೆಯವರು ಕಾಲೇಜನ್ನು ಬಿಟ್ಟರೂ ಶಿಕ್ಷಣವನ್ನು ಬಿಡಲಿಲ್ಲ. 1905ರ ಜೂನ್ 12ರಂದು ಅವರು ಸ್ಥಾಪಿಸಿದ ಭಾರತ ಸೇವಕ ಸಮಾಜವೂ ಅದೇ ಬಗೆಯ ವಚನದ ಮೇಲೆ ನಿಂತದ್ದು. ಅಲ್ಪ ಭತ್ಯೆಯಲ್ಲಿ ಬಾಳಿ ದೇಶಕ್ಕೆ ದುಡಿಯುವವರಿಗೆ ಅಲ್ಲಿ ವರ್ಷಗಳ ತರಬೇತಿಯಿತ್ತು. 1911ರ ಮಾರ್ಚಿಯಲ್ಲಿ ಅವರು ಪ್ರಾಥಮಿಕ ಶಿಕ್ಷಣದ ಮಸೂದೆಯನ್ನು ಮಂಡಿಸಿದರು. ಆರರಿಂದ ಹತ್ತು ವರ್ಷದ ಮಕ್ಕಳಿಗೆ, ಸಿದ್ಧತೆಯಿರುವ ಪ್ರದೇಶಗಳಲ್ಲಿ ಹಂತಹಂತವಾಗಿ, ಶಿಕ್ಷಣವನ್ನು ಕಡ್ಡಾಯಗೊಳಿಸುವ ಸಾಧಾರಣ ಸೂಚನೆ ಅದು. ಮರುವರ್ಷ 38 ಮತಗಳೆದುರು 13 ಮತ ಪಡೆದು ಅದು ಬಿದ್ದುಹೋಯಿತು. ಸೋಲುವುದೆಂದು ತಿಳಿದಿದ್ದೂ ಅವರು ಊರೂರಿಗೆ ಹೋಗಿ ಅದರ ಪರವಾಗಿ ಮಾತನಾಡಿದ್ದರು. ದಣಿದ ದೇಹ ಹೆಚ್ಚು ಕಾಲ ತಾಳಲಿಲ್ಲ. 1915ರ ಫೆಬ್ರವರಿ 19ರಂದು ಪುಣೆಯಲ್ಲಿ ಅವರು ದೇಹ ಬಿಟ್ಟರು.

ಇಲ್ಲಿಂದ ಕಥೆ ನಮ್ಮ ನಾಡಿಗೆ ಬರುತ್ತದೆ. ಗೋಖಲೆಯವರು ಕಣ್ಮರೆಯಾದ ಮರುವರ್ಷ, 1916ರ ನವೆಂಬರ್ 13ರಂದು, ಬೆಳಗಾವಿಯಲ್ಲಿ ಏಳು ತರುಣ ಶಿಕ್ಷಕರು ಒಂದು ಶಾಲೆಯನ್ನು ತೆರೆದರು. ಶಿ.ಶಿ. ಬಸವನಾಳ, ಎಂ.ಆರ್. ಸಾಖರೆ, ಎಚ್.ಎಫ್. ಕಟ್ಟೀಮನಿ, ಬಿ.ಬಿ. ಮಮದಾಪುರ, ಬಿ.ಎಸ್. ಹಂಚಿನಾಳ, ಪಿ.ಆರ್. ಚಿಕ್ಕೋಡಿ, ವಿ.ವಿ. ಪಾಟೀಲ ಎಂಬ ಈ ಏಳು ಮಂದಿಯನ್ನು ನಾಡು ಸಪ್ತರ್ಷಿಗಳೆಂದು ಗೌರವಿಸುತ್ತದೆ. ಅವರ ಕಣ್ಣೆದುರು ಇದ್ದದ್ದು ಪುಣೆಯ ಆಜೀವ ಸದಸ್ಯತ್ವದ ಮಾದರಿ. ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆ ಹೀಗೆ ಹುಟ್ಟಿತು. ಸಿರಸಂಗಿ ಲಿಂಗರಾಜರು, ಅರಟಾಳ ರುದ್ರಗೌಡರು, ವಂಟಮುರಿಯ ರಾಜಾ ಲಖಮಗೌಡರು ಮೊದಲಾದ ದಾನಿಗಳ ಹೆಸರನ್ನು ನಾವು ಕಟ್ಟಡಗಳ ಮೇಲೆ ಓದುತ್ತೇವೆ, ಓದಲೇಬೇಕು. ಅದರ ಜೊತೆಗೆ, ಆ ದಾನ ವ್ಯರ್ಥವಾಗದಂತೆ ತಮ್ಮ ಆಯುಷ್ಯವನ್ನೇ ಸುರಿದ ಶಿಕ್ಷಕರಿದ್ದರೆಂಬುದನ್ನೂ ನೆನೆಯಬೇಕು. ದಾನಿ ಧನವನ್ನು ಕೊಟ್ಟನು, ಶಿಕ್ಷಕ ತನ್ನನ್ನೇ ಕೊಟ್ಟನು. ಎರಡೂ ಕೂಡಿದಾಗ 1933ರಲ್ಲಿ ಲಿಂಗರಾಜ ಕಾಲೇಜು, 1947ರಲ್ಲಿ ಹುಬ್ಬಳ್ಳಿಯ ಇಂಜಿನಿಯರಿಂಗ್ ಕಾಲೇಜು ಮೈದಳೆದವು.

ಗೋಖಲೆಯವರ ಕಾಲದ ಇಪ್ಪತ್ತು ವರ್ಷಗಳ ವಚನವನ್ನು ಇಂದಿನ ತರುಣರಿಂದ ಕೇಳುವುದು ಸಾಧ್ಯವಿಲ್ಲ, ಸಾಧುವೂ ಅಲ್ಲ. ಆದರೆ ಆ ವಚನದೊಳಗಿದ್ದ ವಿವೇಕವನ್ನು ನಾವು ಕಳೆದುಕೊಳ್ಳಬೇಕಾಗಿಲ್ಲ. ಶಿಕ್ಷಕನಿಗೆ ನಿಶ್ಚಿಂತೆಯಿಂದ ಬಾಳುವಷ್ಟು ವೇತನ ಸಕಾಲಕ್ಕೆ ಸಲ್ಲಬೇಕು. ಶಾಲೆಯ ತೀರ್ಮಾನಗಳಲ್ಲಿ ಅವನ ಮಾತಿಗೆ ಸ್ಥಾನವಿರಬೇಕು. ಹೊಸದಾಗಿ ಬಂದವನ ಪಕ್ಕದಲ್ಲಿ ಆಗರಕರರಂಥ ಹಿರಿಯನೊಬ್ಬನಿರಬೇಕು. ಕಷ್ಟ ಬಂದಾಗ ಸಂಸ್ಥೆ ಅವನ ಬೆನ್ನಿಗೆ ನಿಲ್ಲಬೇಕು. ಇವು ನಾಲ್ಕೂ ಇರುವ ಕಡೆ ಶಿಕ್ಷಕರು ಉಳಿಯುತ್ತಾರೆ. ಇಲ್ಲದ ಕಡೆ ಅಭಿಮಾನದ ಮಾತುಗಳಿಂದ ಅವರನ್ನು ಹಿಡಿದಿಡಲಾಗದು.

ಈ ವರ್ಷ ಮೊದಲ ಬಾರಿಗೆ ಪಾಠದ ಕೋಣೆಗೆ ಕಾಲಿಟ್ಟಿರುವ ತರುಣ ತರುಣಿಯರಿಗೆ ನಾವು ಹೇಳುವುದು ಇಷ್ಟೇ. ಗೋಖಲೆಯವರೂ ಬೇರೆ ದಾರಿ ಸಿಗುವವರೆಗೆಂದು ಬಂದವರು. ಮೊದಲ ವರ್ಷದಲ್ಲಿ ಶಾಲೆ ತಮ್ಮದೆನಿಸದಿದ್ದರೆ ಅದು ನಿಮ್ಮ ದೋಷವಲ್ಲ. ಕೆಲಸ ಮಾಡುತ್ತ, ಸಹೋದ್ಯೋಗಿಗಳನ್ನು ಅರಿಯುತ್ತ, ಮಕ್ಕಳ ಹೆಸರು ಒಂದೊಂದಾಗಿ ಮನಸ್ಸಿನಲ್ಲಿ ನಿಲ್ಲುತ್ತ ಹೋದಂತೆ ಅದು ನಿಮ್ಮದಾಗಬಹುದು. ಆಡಳಿತ ಮಂಡಳಿಗಳ ಹಿರಿಯರಿಗೆ ನಮ್ಮ ವಿನಂತಿ ಇನ್ನೊಂದು. ಮುಂದಿನ ಸಭೆಯಲ್ಲಿ ಹೊಸ ಕಟ್ಟಡದ ವಿಷಯಕ್ಕಿಂತ ಮೊದಲು, ಕಳೆದ ಐದು ವರ್ಷಗಳಲ್ಲಿ ನಿಮ್ಮ ಶಾಲೆಯನ್ನು ಬಿಟ್ಟುಹೋದ ಶಿಕ್ಷಕರ ಹೆಸರುಗಳನ್ನು ಓದಿರಿ, ಅವರು ಏಕೆ ಹೋದರೆಂದು ಕೇಳಿರಿ. ಉತ್ತರ ಅಲ್ಲಿಯೇ ದೊರೆಯುವುದೆಂದು ನಾವು ನಂಬಿದ್ದೇವೆ.